ನಡುಮನೆಯ ನೆಲ ತಣ್ಣಗಾದ ಚಳಿಗಾಲ

ಬೀದರ, ಪುಷ್ಯ ಮಾಸ
ಮುಸುಕಿನ ನೂರ ತೊಂಬತ್ತೊಂದನೆಯ ವರ್ಷ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೨೮೮

ನನಗಿಂತ ಬಹಳ ಹಿಂದೆ ಬದುಕುತ್ತಿರುವ ಹಿರಿಯರಿಗೆ, ವೈಜಿನಾಥನ ಮಗಳು ಮಹಾನಂದಾ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆಂದು ಹಾಳೆಯನ್ನು ಪಕ್ಕಕ್ಕಿಡಬೇಡಿ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಇದರಲ್ಲಿನ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮಲ್ಲಿರುವ ಎಷ್ಟೋ ಮಾತುಗಳು ನಮ್ಮಲ್ಲಿ ಸತ್ತುಹೋಗಿವೆ. ಸೆಕೆ ಎಂಬ ಮಾತನ್ನು ನಾನು ಓದಿ ಬಲ್ಲೆ, ಆಡಿದವಳಲ್ಲ. ಈ ಕಾಗದ ನಿಮ್ಮ ಕೈ ಸೇರುವ ದಾರಿ ಇಲ್ಲವೆಂಬುದೂ ಗೊತ್ತು. ಆದರೆ ನನಗೆ ವಯಸ್ಸಾಗಿದೆ. ಆ ಚಳಿಗಾಲವನ್ನು ನಮ್ಮ ಮನೆಯಲ್ಲಿ ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಹೇಳದೆ ಹೋಗಲು ಮನಸ್ಸಾಗದೆ ಬರೆಯುತ್ತಿದ್ದೇನೆ.

ಮುಸುಕು ಎಂದರೆ ಆಕಾಶದ ಎತ್ತರದಲ್ಲಿ ಹರಡಿದ ಸಣ್ಣ ಧೂಳು. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಬಿಸಿಲು ತಾಳಲಾರದೆ ಜನ ಸಾಯತೊಡಗಿದಾಗ ಅದನ್ನು ಹರಡಿದರಂತೆ. ಕೆಲವೇ ವರ್ಷಗಳಲ್ಲಿ ತಾನಾಗಿ ಇಳಿದುಹೋಗುತ್ತದೆ ಎಂದುಕೊಂಡಿದ್ದರು. ಇಳಿಯಲಿಲ್ಲ. ನಮಗೆ ಸೂರ್ಯನೆಂದರೆ ಅಕ್ಕಿ ತೊಳೆದ ನೀರಿನ ತಳದಲ್ಲಿ ಬಿದ್ದ ಬಿಲ್ಲೆ, ಕಾಣುತ್ತಾನೆ, ಕಾಯಿಸುವುದಿಲ್ಲ.

ನಮ್ಮ ಮನೆ ಗುಡ್ಡದ ಅಂಚಿನ ಓಣಿಯ ಕೊನೆಯಲ್ಲಿತ್ತು. ಕೆಂಪುಕಲ್ಲಿನ ದಪ್ಪ ಗೋಡೆಗಳು, ಬಟ್ಟೆ ತುರುಕಿ ಮುಚ್ಚಿದ ಕಿಟಕಿಗಳು. ಊರಿನ ನಡುವೆ ಕುದಿಮನೆ ಇತ್ತು. ಭೂಮಿಯ ಆಳದ ಕಾವಿನಿಂದ ಅಲ್ಲಿ ನೀರು ಕುದಿಸಿ, ನೆಲದಡಿಯ ಕಾವುನಾಳಗಳಲ್ಲಿ ಮನೆಮನೆಗೆ ಹರಿಸುತ್ತಿದ್ದರು. ನಮ್ಮದು ನಾಳದ ತುದಿಯಾದ್ದರಿಂದ ನೀರು ಬರುವಷ್ಟರಲ್ಲಿ ಅರ್ಧ ಆರಿರುತ್ತಿತ್ತು. ಆದರೂ ಬೆಳಿಗ್ಗೆ, ಸಂಜೆ ನಡುಮನೆಯ ಹಾಸುಗಲ್ಲಿನ ಕೆಳಗೆ ಟಕಟಕ ಸದ್ದಾದರೆ ಸಾಕು, ನಾವೆಲ್ಲ ಕೈಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆವು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಕೂರುತ್ತಿದ್ದಳು. ಯಾರು ಎಲ್ಲಿ ಕೂರಬೇಕೆಂದು ಹೇಳುವುದು ನನ್ನ ಆಯಿಯ ಹಕ್ಕು. ಆಯಿ ಎಂದರೆ ಅಪ್ಪನ ತಾಯಿ, ಸುಗಲಾಬಾಯಿ. ಗೋಡೆ ಪಕ್ಕದ ಎಲ್ಲಕ್ಕಿಂತ ಬೆಚ್ಚನೆಯ ಕಲ್ಲು ನನ್ನ ತಮ್ಮ ರೇವಣನಿಗೆ. ಅವನು ಇನ್ನೂ ಮೊಲೆಗೂಸು. ಆಮೇಲೆ ನನಗೆ, ಆಮೇಲೆ ಅವ್ವನಿಗೆ. ಅಪ್ಪನಿಗೂ ತನಗೂ ಹೊಸ್ತಿಲ ಹತ್ತಿರ. ಕಾವು ಆರುವ ಮೊದಲು ಕಲ್ಲಿನ ಮೇಲೆ ಹಾಸಿ ಕಾಯಿಸಿದ ಕೌದಿಗಳನ್ನು ಮಡಚಿ ಒಂದರೊಳಗೊಂದು ಸೇರಿಸಿಡುತ್ತಿದ್ದೆವು. ಮಲಗುವಾಗ ಬಿಚ್ಚಿದರೆ ಒಳಗಿನ ಕೌದಿಯಲ್ಲಿ ಇನ್ನೂ ಒಂದಿಷ್ಟು ಬಿಸಿ ಉಳಿದಿರುತ್ತಿತ್ತು. ಜೋಳದ ಅಂಬಲಿಯ ಬಟ್ಟಲನ್ನು ಮೊದಲು ಕೈಗಳ ನಡುವೆ ಹಿಡಿದು, ಆಮೇಲೆ ಕೆನ್ನೆಗೊತ್ತಿ, ಕಡೆಗೆ ಕುಡಿಯುತ್ತಿದ್ದೆವು. ಬಿಸಿ ಇರುವಾಗಲೇ ಕುಡಿದರೆ ದಂಡ ಎಂದು ನಾನು ಜಗಳ ತೆಗೆಯುತ್ತಿದ್ದೆ. ಆ ದಿನಗಳಲ್ಲಿ ನಮಗೆ ದುಃಖವಿತ್ತು ಎಂದು ಮಾತ್ರ ತಿಳಿಯಬೇಡಿ. ಐದು ಮಂದಿ ಒಂದೇ ಕೌದಿಯೊಳಗೆ ನಗುತ್ತಿದ್ದರೆ ಅದೂ ಒಂದು ಒಲೆಯೇ.

ನನಗೆ ಹತ್ತು ತುಂಬಿದ ವರ್ಷದ ಪುಷ್ಯದಲ್ಲಿ ನೆಲದ ಸದ್ದು ಮೆತ್ತಗಾಯಿತು. ಮೊದಲು ಕಲ್ಲು ಉಗುರುಬೆಚ್ಚಗೆ ಬಂತು. ಆಮೇಲೆ ಸಂಜೆಯ ಕಾವು ನಿಂತಿತು. ಕಡೆಗೆ ಒಂದು ಬೆಳಿಗ್ಗೆ ನಾವೆಲ್ಲ ಕೂತು ಕಾದೆವು, ಏನೂ ಬರಲಿಲ್ಲ. ಅಪ್ಪ ಕುದಿಮನೆಗೆ ಹೋಗಿ ಮಧ್ಯಾಹ್ನ ತಿರುಗಿ ಬಂದ. ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟಿತ್ತು.

"ಆಳದಾಗಿನ ಕೊಳವಿ ಒಡದಾದಂತ," ಎಂದ. "ಅಲ್ಲಿ ಮಂದಿ ಹಗಲೂ ರಾತ್ರಿ ದುಡ್ಯಾಕತ್ಯಾರ. ಯಾರಿಗಿ ಬೈಬೇಕು ತಿಳಿವಲ್ದು."

ಪಕ್ಕದ ಮನೆಯಲ್ಲಿ ಹಾಜಿರಾ ಬೀ ಒಬ್ಬಳೇ ಇದ್ದಳು. ಆಯಿ ಅವಳನ್ನು ನಮ್ಮಲ್ಲಿಗೇ ಕರೆದಳು. ಅವಳು ತನ್ನ ಆಡನ್ನೂ ಹೊಡೆದುಕೊಂಡು ಬಂದಳು. "ಇದರ ಹೊಟ್ಟಿ ನಿಮ್ಮ ಕಾವುನಾಳಕಿಂತ ನಂಬಿಗಸ್ತ ಅದಾ, ಆಯಿ," ಎಂದು ಅವಳು ಹೇಳಿದಾಗ ನಾವು ನಕ್ಕೆವು. ನಾನೂ ರೇವಣನೂ ಆಡಿನ ಹೊಟ್ಟೆಗೆ ಆತು ಮಲಗಿದೆವು. ಮನೆಯಲ್ಲಿದ್ದ ಕಟ್ಟಿಗೆ ಬಹಳ ಕಡಿಮೆ. ನಮ್ಮ ಸೀಮೆಯಲ್ಲಿ ಮರಗಳು ಅಜ್ಜಂದಿರ ಕಾಲಕ್ಕೇ ಮುಗಿದಿದ್ದವು. ಮಣೆಗಳು ಒಲೆಗೆ ಹೋದವು, ಏಣಿ ಹೋಯಿತು, ಗೂಡಿನ ಬಾಗಿಲುಗಳು ಹೋದವು.

ರೇವಣನಿಗೆ ಕೆಮ್ಮು ಹತ್ತಿದ ದಿನ ಕಾವುಛತ್ರದ ಬಂಡಿ ಬಂತು. ಕುದಿಮನೆಗೆ ತಾಗಿದ ದೊಡ್ಡ ಕೋಣೆಗೆ ಹಾಗೆನ್ನುತ್ತಿದ್ದರು. ಉಳಿದ ಕಾವನ್ನೆಲ್ಲ ಅಲ್ಲಿಗೆ ಕೂಡಿಸಿದ್ದರು. ಬಂಡಿಯ ಜೊತೆ ಬಂದ ಹುಡುಗಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ.

"ಮಲಿ ಕುಡಿಯೋ ಕೂಸು, ಅದರ ತಾಯಿ, ಇಷ್ಟೇ ಮಂದಿಗಿ ಜಾಗ ಅದಾರಿ," ಎಂದಳು. "ಈ ಹುಡುಗಿಗಿ ಬರಾಕ ಆಗಂಗಿಲ್ಲ. ಮುದುಕರಿಗೂ ಆಗಂಗಿಲ್ಲ. ನನ್ನ ಅವ್ವನೂ ಮನ್ಯಾಗೇ ಇದ್ದಾಳ್ರಿ."

ನನ್ನ ಅವ್ವ ಕಾಶೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನಾ ಒಲ್ಲೆ. ಇದ್ದರ ಎಲ್ಲಾರೂ ಕೂಡೇ ಇರ್ತೀವಿ," ಎಂದಳು. ಅವಳ ಬೆರಳುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಬಿಡಿಸಿದವಳು ಆಯಿ.

"ಹೋಗವ್ವ ಕಾಶಿ. ನಂದಾನ್ನ ನಾ ನೋಡ್ಕೋತೀನಿ. ಕೂಸಿನ ಎದಿ ಗೊರಗೊರ ಅನ್ನಾಕತ್ತಾದ, ಕೇಳಸವಲ್ದೇನು?"

ಅವ್ವ ತಾನು ಹೊದ್ದಿದ್ದ ಕೌದಿಯನ್ನು ನನಗೆ ಸುತ್ತಿದಳು. ಬಂಡಿ ಓಣಿ ತಿರುಗುವವರೆಗೂ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಅಳಲಿಲ್ಲ, ಅತ್ತರೆ ಕೆನ್ನೆ ಸೀಳುತ್ತಿತ್ತು.

ಅವರು ಹೋದ ಮೇಲೆ ಸುಡಲು ಉಳಿದದ್ದು ತೊಟ್ಟಿಲು ಒಂದೇ. ಜಂತಿಗೆ ತೂಗಿಹಾಕಿದ್ದ ಹಳೆಯ ಸಾಗವಾನಿಯ ತೊಟ್ಟಿಲು. ಅಪ್ಪ ಮಲಗಿದ್ದು, ನಾನು ಮಲಗಿದ್ದು, ರೇವಣ ಮಲಗುತ್ತಿದ್ದದ್ದು. ಆಯಿಯ ತುಟಿ ನೀಲಿಯಾಗಿದ್ದನ್ನು ನೋಡಿ ಅಪ್ಪ ಕೊಡಲಿ ತಂದ.

"ವೈಜಿನಾಥಾ, ಅದಕ್ಕ ಕೈ ಹಚ್ಚಬ್ಯಾಡ," ಎಂದಳು ಆಯಿ.

"ಅವ್ವಾ, ಕಟ್ಟಿಗಿ ಅಷ್ಟೇ ಅದು. ಬ್ಯಾರೆ ಮಾಡ್ಕೊಡ್ತೀನಿ."

"ಕೂಸು ಹೊರಗ ಇದ್ದಾಗ ತೊಟ್ಟಲಾ ಮುರದರ, ಕೂಸು ಬರಂಗಿಲ್ಲ ಅಂತ ನಾವೇ ಹೇಳದಂಗ ಆಗ್ತದ. ನಾ ಇರೂತನ ಅದು ಆಗಂಗಿಲ್ಲ."

ಅಪ್ಪ ಹಾಜಿರಾ ಬೀಯ ಕಡೆ ನೋಡಿದ. ಅವಳು ಮುಖ ತಿರುಗಿಸಿಕೊಂಡು, "ಅವರು ಅನ್ನೋದು ಖರೆ ಅದಾ, ಅಣ್ಣಾ. ನೀವು ಅನ್ನೋದೂ ಖರೆ ಅದಾ," ಎಂದಳು. ಅಪ್ಪ ಕೊಡಲಿಯನ್ನು ಮೂಲೆಗಿಟ್ಟು, ಗೋಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತ. ಅಷ್ಟು ದೊಡ್ಡ ಆಳು ಏನೂ ಮಾಡಲಾಗದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಯಿ ನನ್ನ ಪಾದಗಳನ್ನು ತನ್ನ ಸೀರೆಯೊಳಗೆ ಎಳೆದುಕೊಂಡು ಬರಿ ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು. ನನ್ನ ಕಾಲು ಮಂಜುಗಡ್ಡೆಯಂತಿರುತ್ತಿತ್ತು. ಅವಳು ಒಮ್ಮೆ ಉಸಿರು ಎಳೆದುಕೊಂಡು, ಮರುಕ್ಷಣ ಏನೂ ಆಗದವಳಂತೆ ನನ್ನ ಕೂದಲು ಸವರುತ್ತಿದ್ದಳು. ಬೆಳಕಿದ್ದ ಒಂದು ಮಧ್ಯಾಹ್ನ ಹಾಗೇ ಮಲಗಿದ್ದೆವು. ಅಪ್ಪ ಹಾಜಿರಾ ಬೀಯ ಜೊತೆ ಆಡಿಗೆ ಮೇವು ಹುಡುಕಲು ಹೋಗಿದ್ದ. ನನ್ನ ಪಾದಗಳು ಬೆಚ್ಚಗಾಗಿದ್ದವು. ಆ ಪಾದಗಳಿಗೇ ಮೊದಲು ತಿಳಿಯಿತು, ಆಯಿಯ ಹೊಟ್ಟೆ ತಣ್ಣಗಾಗುತ್ತಿದೆಯೆಂದು. ನಾನು ಕಾಲು ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಅವಳು ಪೂರ್ತಿ ಆರಿಹೋಗುತ್ತಾಳೆ ಎನ್ನಿಸಿತು. ನನ್ನ ಕಾಲಿನ ಬಿಸಿಯನ್ನು ಅವಳಿಗೇ ತಿರುಗಿ ಕೊಡಬಹುದು ಎಂದುಕೊಂಡು ಒತ್ತಿ ಹಿಡಿದೆ. ಅಪ್ಪ ಬಂದು ನನ್ನನ್ನು ಎತ್ತಿಕೊಳ್ಳುವವರೆಗೂ ಹಾಗೆಯೇ ಇದ್ದೆ.

ಅವಳ ಮಣ್ಣು ಮುಗಿಸಿ ಕೆಲವು ದಿನಗಳಾದ ಮೇಲೆ ನೆಲದಡಿ ಟಕಟಕ ಸದ್ದಾಯಿತು. ಕುದಿಮನೆಯವರು ಕೊಳವೆ ಕೂಡಿಸಿದ್ದರು. ಕಲ್ಲುಗಳು ಹಿಂದೆಂದೂ ಇಲ್ಲದಷ್ಟು ಕಾದವು. ಅಪ್ಪನೂ ನಾನೂ ಅವುಗಳ ಮೇಲೆ ಕೂರಲಾರದೆ ಅಂಗಳಕ್ಕೆ ಹೋಗಿ ಚಳಿಯಲ್ಲಿ ನಿಂತೆವು.

ಅವ್ವ ರೇವಣನನ್ನು ಎತ್ತಿಕೊಂಡು ನಡೆದೇ ಬಂದಳು. ಅವನ ಕೆಮ್ಮು ಹೋಗಿತ್ತು, ಕೆನ್ನೆ ತುಂಬಿತ್ತು. "ಆಯಿ ಎಲ್ಲಿ?" ಎಂದು ಬಾಗಿಲಲ್ಲೇ ಕೇಳಿದಳು. ಅವಳು ಒಳಗೆ ಬಂದು ನೋಡಿ, ಕೂಸನ್ನು ನನ್ನ ಕೈಗೆ ಕೊಟ್ಟು ನೆಲದ ಮೇಲೆ ಕುಸಿದಳು. ಸಂಜೆ ಅಪ್ಪ ರೇವಣನನ್ನು ತೊಟ್ಟಿಲಲ್ಲಿ ಮಲಗಿಸಿದ. ಅವನು ಕಿರುಚಿ ಅತ್ತ. ಛತ್ರದಲ್ಲಿ ಸಾಲಾಗಿ ಮಲಗಿದ ಕೂಸುಗಳ ನಡುವೆ ಮಲಗಿ ಅಭ್ಯಾಸವಾಗಿತ್ತೋ ಏನೋ, ತೊಟ್ಟಿಲಲ್ಲಿ ಮತ್ತೆಂದೂ ಮಲಗಲಿಲ್ಲ. ಅಪ್ಪ ಅದನ್ನು ಬಿಚ್ಚಿ ಓಣಿಯವರಿಗೆ ಕೊಟ್ಟುಬಿಟ್ಟ. ಆ ಕಟ್ಟಿಗೆ ಆಯಿಯನ್ನು ಕಾವು ಬರುವ ದಿನದವರೆಗೆ ಉಳಿಸುತ್ತಿತ್ತೋ ಇಲ್ಲವೋ, ಅಪ್ಪ ಸಾಯುವವರೆಗೂ ಬಾಯಿಬಿಟ್ಟು ಕೇಳಲಿಲ್ಲ. ನನಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯೂ ಇಲ್ಲ.

ಹಿರಿಯರೇ, ಇಂಥ ಕಾಗದದಲ್ಲಿ ನಿಮಗೆ ಎಚ್ಚರಿಕೆ ಹೇಳಬೇಕು. ಅದಕ್ಕೆಂದೇ ಕೂತೆ, ಆಗುತ್ತಿಲ್ಲ. ಮುಸುಕು ಹರಡಬೇಡಿ ಎಂದರೆ ನಿಮ್ಮ ಮೊಮ್ಮಕ್ಕಳು ಬಿಸಿಲಿಗೆ ಬೇಯುತ್ತಾರೆ. ಹರಡಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅದು ಬೇಕಾಗದಂತೆ ಈಗಲೇ ಬದುಕಿ ಎನ್ನಬಹುದು. ನಿಮಗೆ ಆ ಮಾತನ್ನು ಹೇಳಿದವರು ಬೇಕಾದಷ್ಟು ಜನ ಇದ್ದರು ಎಂದೂ ಓದಿದ್ದೇನೆ.

ಆದ್ದರಿಂದ ಇನ್ನೊಂದನ್ನು ಕೇಳುತ್ತೇನೆ. ನಿಮ್ಮಲ್ಲಿ ಚಳಿಗಾಲದ ಮುಂಜಾನೆ ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಾರಂತೆ. ಅದು ಹೇಗಿರುತ್ತದೆ? ಮೊದಲು ಎಲ್ಲಿ ಬೆಚ್ಚಗಾಗುತ್ತದೆ, ಭುಜವೋ, ಕತ್ತೋ? ನಿದ್ದೆ ಬರುತ್ತದೆಯೇ? ನಮ್ಮಲ್ಲಿ ಉಳಿದ ಪುಸ್ತಕಗಳಲ್ಲಿ ಇದನ್ನು ಯಾರೂ ಸರಿಯಾಗಿ ಬರೆದಿಲ್ಲ. ಬರೆಯುವಂಥದ್ದು ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು ಒಂದು ಬೆಳಿಗ್ಗೆ ಕೂತು ಬರೆದಿಡಿ. ಓದಿದ್ದರಿಂದ ಯಾರ ಮೈಯೂ ಬೆಚ್ಚಗಾಗುವುದಿಲ್ಲ, ಬಲ್ಲೆ. ಆದರೂ ಬರೆದಿಡಿ.

ಇತಿ ನಿಮ್ಮ,
ಮಹಾನಂದಾ