ಜಗಲಿಯಲ್ಲಿ ಕೊಟ್ಟ ಉತ್ತರ

ಕೊಪ್ಪ
ಮಂಗಳವಾರ, ೧೧–೨–೨೦೨೫

ಪ್ರೀತಿಯ ಸರೋಜಾ,

ನಿನಗೂ, ಅಂಬಿಕಾಳಿಗೂ, ಅವಳ ಪುಟ್ಟ ಕೂಸಿಗೂ ಈ ಗಂಡ, ಅಪ್ಪ, ಅಜ್ಜ ಮೂವರ ಆಶೀರ್ವಾದ. ಮೂವರೂ ನಾನೇ ಆದ್ದರಿಂದ ಒಂದೇ ಸಾಲಿನಲ್ಲಿ ಮುಗಿಸಿದೆ. ಕೂಸಿನ ತೂಕ ಏರಿತೇ? ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗು, ಎಣ್ಣೆನೀರು ಹಾಕುವ ಉತ್ಸಾಹದಲ್ಲಿ ಡಾಕ್ಟರ ಮಾತು ಮರೆತುಬಿಡಬೇಡ. ಅಂಬಿಕಾಳ ಹೊಲಿಗೆ ಒಣಗಿತೇ, ಅಳಿಯನಿಗೆ ರಾತ್ರಿ ಪಾಳಿ ಇನ್ನೂ ತಪ್ಪಿಲ್ಲವೇ? ದಾವಣಗೆರೆಯ ನೀರು ನಿನಗೆ ಒಗ್ಗಿತೋ ಇಲ್ಲವೋ ಬರೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಖುಷಿಯಲ್ಲಿ ಮಾತಾಡುವಾಗ ನನ್ನ ನಾಲಿಗೆ ಇನ್ನೂ ತೊಡರುತ್ತದೆ. ತೊಡರಿದ ಕೂಡಲೇ ನೀನು ಮತ್ತೆ ಸ್ಟ್ರೋಕ್ ಆಯಿತು ಅಂದುಕೊಂಡು ಗಾಬರಿ ಬೀಳುತ್ತೀ. ಅದಕ್ಕೇ ಕಾಗದ.

ಸುದ್ದಿ ದೊಡ್ಡದಿದೆ. ತಾಳು, ಕ್ರಮವಾಗಿ ಹೇಳುತ್ತೇನೆ. ಜನ್ಮವಿಡೀ ಕೊಪ್ಪ–ಶೃಂಗೇರಿ–ನರಸಿಂಹರಾಜಪುರದ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು ಸ್ಟಾಪು ಬಿಟ್ಟು ಮುಂದೆ ಹೋಗುವುದುಂಟೇ?

ಹೋದ ತಿಂಗಳು ನಮ್ಮ 'ಜೊತೆ' ಯೋಜನೆ ಮಾರ್ಚಿಗೆ ಮುಚ್ಚಬಹುದು ಎಂದು ಫೋನಿನಲ್ಲಿ ಹೇಳಿದ್ದೇ ತಡ, ನೀನು ಹದಿನೆಂಟನೇ ತಾರೀಕಿಗೆ ವಾಪಸ್ ಟಿಕೆಟ್ ಮಾಡಿಸಿ ಕೂತೆ. ನಿನ್ನನ್ನು ಬೈಯುವಂತಿಲ್ಲ. ಯೋಜನೆ ಬರುವ ಮೊದಲು ನೀನು ಪಟ್ಟ ಪಾಡು ನನ್ನ ಕಣ್ಣ ಮುಂದೇ ಇದೆ. ನನ್ನ ಬಿಪಿ ಮಾತ್ರೆಗೆ ಒಂದು ಕಡೆ, ಕೈಕಾಲಿನ ವ್ಯಾಯಾಮಕ್ಕೆ ಶಿವಮೊಗ್ಗ, ಪಿಂಚಣಿಗೆ ತಾಲ್ಲೂಕು ಕಚೇರಿ. ಒಂದು ಕಡೆ ಹೇಳಿದ್ದು ಇನ್ನೊಂದು ಕಡೆಯವರಿಗೆ ಗೊತ್ತಿಲ್ಲ. ಆಮೇಲೆ ಯೋಜನೆಯ ಪರವಾಗಿ ದಿವ್ಯ ಮನೆಗೇ ಬಂದಳು. ವ್ಯಾಯಾಮ ಅವಳೇ ಕಲಿಸಿದಳು, ಡಾಕ್ಟರಿಗೆ ಅವಳೇ ಹೇಳಿದಳು, ಪಿಂಚಣಿ ಅವಳೇ ಓಡಾಡಿ ಮಾಡಿಸಿದಳು, ಬಚ್ಚಲಿಗೆ ಹಿಡಿಕೆ ಹಾಕಿಸಿದವಳೂ ಅವಳೇ. ದಿವ್ಯ ಬರುತ್ತಾಳೆ ಎನ್ನುವ ಧೈರ್ಯದ ಮೇಲೆ ತಾನೇ ನೀನು ನನ್ನನ್ನು ಬಿಟ್ಟು ಮಗಳ ಬಾಣಂತನಕ್ಕೆ ಹೋದದ್ದು. ಯೋಜನೆ ನಿಂತರೆ ನೀನು ವಾಪಸ್, ಅಲ್ಲಿ ಅಂಬಿಕಾ ಆ ಸಣ್ಣ ಕೂಸನ್ನು ಇಟ್ಟುಕೊಂಡು ಒಬ್ಬಳೇ. ಇದನ್ನು ನೆನೆದು ನನಗೆ ಅನ್ನ ಸೇರುತ್ತಿರಲಿಲ್ಲ.

ಹೋದ ತಿಂಗಳ ಆ ಮೊದಲ ಸಭೆಯಲ್ಲಿ ಆದದ್ದನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಯೋಜನೆಯಿಂದ ಏನು ಉಪಯೋಗವಾಗಿದೆ ಎಂದು ಅಳೆಯಲು ಬೆಂಗಳೂರಿನಿಂದ ಒಂದು ತಂಡ ಬಂದಿತ್ತಲ್ಲ, ಅದರ ಮುಖ್ಯಸ್ಥೆ ಕಾವ್ಯ ಅಂತ. ಚುರುಕು ಹುಡುಗಿ, ಬಯಲುಸೀಮೆಯವಳು. ಮೂರೂ ತಾಲ್ಲೂಕಿನ ನಮ್ಮಂಥವರನ್ನು ಕೊಪ್ಪದಲ್ಲಿ ಕೂರಿಸಿ, ಎರಡು ಸಲ ಮನೆಮನೆಗೆ ಬಂದು ಕೇಳಿದ ಉತ್ತರಗಳ ಲೆಕ್ಕವನ್ನು ಪರದೆಯ ಮೇಲೆ ತೋರಿಸಿದಳು. ಯೋಜನೆ ಶುರುವಾಗುವ ಮೊದಲು ಜನರಿಗೆ ನೋವು ಕಡಿಮೆ, ಬೇಸರ ಕಡಿಮೆ, ಬೀಳುವ ಭಯ ಕಡಿಮೆ. ಯೋಜನೆ ನಡೆದ ಮೇಲೆ ಎಲ್ಲವೂ ಜಾಸ್ತಿ. ಕಿಗ್ಗದಲ್ಲೂ ಹಾಗೇ, ಕೊಪ್ಪದಲ್ಲೂ ಹಾಗೇ. ದುಡ್ಡು ಕೊಡುವವರು ಇದನ್ನು ನೋಡಿ ಸುಮ್ಮನಿರುತ್ತಾರೆಯೇ? ದಿವ್ಯಳ ಮುಖ ನೋಡಲಾಗುತ್ತಿರಲಿಲ್ಲ. ಪಾಪ, ತನ್ನ ಕೈಯಿಂದಲೇ ನಮಗೆ ಕಾಯಿಲೆ ಹತ್ತಿತೇನೋ ಎಂಬಂತೆ ಕೂತಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ಕೋಲು ಊರಿ ಎದ್ದು ನಿಂತೆ. ಪಕ್ಕದಲ್ಲಿ ಕಿಗ್ಗದ ಪರಮೇಶ್ವರಪ್ಪ ಕೂತಿದ್ದ. ಅವನ ಹೆಂಡತಿ ವರ್ಷಗಟ್ಟಲೆ ಹಾಸಿಗೆ ಹಿಡಿದು ಈಗ ಎದ್ದು ಕೂರುವಂತಾಗಿದ್ದಾಳೆ. ಅವನನ್ನೇ ಕೇಳಿದೆ: "ಮೊದಲ ಸಲ ಇವ್ರು ಬಂದಾಗ ನೀ ಎಂತ ಹೇಳಿದ್ದೆ ಮಾರಾಯ?"

"ಆರಾಮ ಅಂದೆ" ಎಂದ.

"ಆರಾಮ ಇತ್ತಾ?"

"ಎಲ್ಲಿ ಆರಾಮ? ಅವಳು ಮಗ್ಗುಲು ಬದಲಿಸೋಕೂ ಆಗ್ದೆ ಮಲಗಿದ್ಲು. ಹಂಗಂತ ಮನೆಗೆ ಬಂದವ್ರಿಗೆ ಕಾಫಿ ಕೊಡೋ ಮೊದ್ಲೇ ಗೋಳು ಹೇಳೋಕಾಗ್ತದಾ?"

ಸಭೆಗೆ ಸಭೆಯೇ ನಕ್ಕಿತು. ಎಲ್ಲರೂ ಹಾಗೇ ಹೇಳಿದವರು! ನಾವೂ ಅಷ್ಟೇ ಅಲ್ಲವೇ? ನೆನಪು ಮಾಡಿಕೋ. ಅವರು ಮೊದಲು ಬಂದ ದಿನ ನೀನು ನನಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ, ನನ್ನ ಎಡಗೈ ಮಡಿಲಲ್ಲಿ ಬಿದ್ದಿತ್ತು. ಆದರೂ ಅವರನ್ನು ಜಗಲಿಯಲ್ಲಿ ಕೂರಿಸಿ, ಬಾಯಿ ಒರೆಸಿಕೊಂಡು, ಎಲ್ಲ ಆರಾಮ ಎಂದು ಹೇಳಿ ಕಳಿಸಿದೆವು. ನಮ್ಮ ಕಡೆ ಅಪರಿಚಿತರಿಗೆ ಬೇರೆ ಉತ್ತರ ಎಲ್ಲಿದೆ? ಎರಡನೇ ಸಲ ಅದೇ ಪ್ರಶ್ನೆ ಹಿಡಿದು ಬರುವಷ್ಟರಲ್ಲಿ ದಿವ್ಯಳಿಂದಾಗಿ ಅವರು ಗುರುತಿನವರಾಗಿದ್ದರು. ಸೀದಾ ಅಡಿಗೆಮನೆಗೆ ಬಂದು ಒಲೆಯ ಹತ್ತಿರ ಮಣೆ ಹಾಕಿ ಕೂತರು. ನೀನು ಸೊಂಟನೋವಿನಿಂದ ಹಿಡಿದು ನಿದ್ದೆ ಬಾರದ ಕಷ್ಟದವರೆಗೆ ಎಲ್ಲ ಹೇಳಿ ಕಣ್ಣೊರೆಸಿಕೊಂಡೆ. ನಂಬಿಕೆ ಬಂದು ಜನ ಬಾಯಿ ಬಿಟ್ಟರೆ ಯೋಜನೆಯಿಂದ ರೋಗ ಜಾಸ್ತಿಯಾಯಿತು ಎಂದು ಲೆಕ್ಕ. ಇಷ್ಟನ್ನೂ ತೊದಲುತ್ತಲೇ ಹೇಳಿ ಕೂತೆ.

ಕಾವ್ಯಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಇಲ್ಲ. ಮೈಕ್ ಕೆಳಗಿಟ್ಟು ನಮ್ಮ ನಡುವೆ ಬಂದು ಕೂತಳು. ಈ ಲೆಕ್ಕದಲ್ಲಿ ಏನೋ ಹೊಂದುತ್ತಿಲ್ಲ ಎಂದು ಅವಳಿಗೂ ಅನುಮಾನ ಇತ್ತಂತೆ, ಎಲ್ಲಿ ಎಂದು ತಿಳಿದಿರಲಿಲ್ಲ. ಹಾಗಾದರೆ ಆ ಮೊದಲಿನ ಉತ್ತರಗಳನ್ನು ಕಸಕ್ಕೆ ಹಾಕು, ಯೋಜನೆ ಒಳ್ಳೆಯದು ಎಂದು ಬರೆದುಬಿಡು ಎಂದೆ. ಅದಕ್ಕೆ ಒಪ್ಪಲಿಲ್ಲ.

"ನೀವು ಹೇಳಿದ್ದು ಸರಿ ಅನ್ಸುತ್ತೆ ನಾಗಪ್ಪನವ್ರೇ. ಆದ್ರೆ ನನಗೆ ಅನ್ಸಿದ್ರೆ ಸಾಲದು, ತೋರಿಸ್ಬೇಕು" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಈಗ ಯೋಚಿಸಿದರೆ ಅವಳು ಹಟ ಹಿಡಿದದ್ದೇ ಒಳ್ಳೆಯದಾಯಿತು.

ಒಂದು ತಿಂಗಳು ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡಳು. ಈಗ ಹೇಗಿದ್ದೀರಿ ಎನ್ನುವುದರ ಜೊತೆಗೆ, ನಿಜ ಹೇಳಿ, ಆಗ ಹೇಗಿದ್ದಿರಿ ಎಂದೂ ಕೇಳಿದಳು. ನೆನಪು ಮೋಸ ಮಾಡುತ್ತದೆ ಎಂದು ಅಷ್ಟಕ್ಕೇ ಬಿಡದೆ, ರೇಷನ್ ಅಂಗಡಿಗೆ ಯಾರು ಸ್ವತಃ ಹೋಗುತ್ತಾರೆ, ಯಾರು ಮದುವೆ ಮನೆಗೆ ಹೋಗಿ ಊಟ ಮಾಡಿ ಬಂದರು, ಯಾರನ್ನು ಅವಸರದಲ್ಲಿ ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು ಎಂದೆಲ್ಲ ವಿಚಾರಿಸಿದಳು. ಯೋಜನೆ ಇನ್ನೂ ತಲುಪದ ಊರುಗಳಿಗೂ ಹೋಗಿ ಹೋಲಿಸಿದಳು. ಮೆಣಸೆಗೆ ಹೋಗುವ ದಿನ ದಾರಿ ತೋರಿಸಲು ಯಾರಾದರೂ ಬೇಕು ಎಂದಾಗ ನಾನೇ ಹೊರಟೆ. ಬೈಯಬೇಡ. ಬಸ್ಸಿನಲ್ಲೇ ಹೋದೆ, ಸರೋಜಾ. ಮೆಟ್ಟಿಲ ಹತ್ತಿರ ದಿವ್ಯ ಕೈ ಚಾಚಿದಳು, ಬೇಡ ಎಂದೆ. ಕಂಬಿ ಹಿಡಿದು ನಾನೇ ಹತ್ತಿದೆ. ಸ್ಟ್ರೋಕ್ ಆದ ಮೇಲೆ ಬಸ್ಸು ಹತ್ತಿದ್ದು ಅದೇ ಮೊದಲು. ಡ್ರೈವರ್ ಗುರುತು ಹಿಡಿದು ನಕ್ಕ, ನನಗೆ ಮಾತ್ರ ಅಳು ಬಂತು. ಮೆಣಸೆಯಲ್ಲಿ ಒಂದು ಮನೆಯವರು ಕಾವ್ಯಳನ್ನು ಜಗಲಿಯಲ್ಲಿ ಕೂರಿಸಿ ಮತ್ತೆ ಆರಾಮ ಎಂದು ಶುರು ಮಾಡಿದರು. ಕುಡಿಯಲು ನೀರು ಕೇಳಿಕೊಂಡು ಒಳಗೆ ಹೋಗು ಎಂದು ಅವಳಿಗೆ ಕಣ್ಸನ್ನೆ ಮಾಡಿದೆ. ನೀರು ಕುಡಿಯಲು ಹೋದವಳು ಹೊರಗೆ ಬಂದದ್ದು ಊಟ ಮುಗಿಸಿಕೊಂಡೇ.

ನಿನ್ನೆ ಕೊನೆಯ ಸಭೆ. ಗೆದ್ದೆವು, ಸರೋಜಾ! ಯೋಜನೆ ಇರುವ ಕಡೆ ಜನ ಎದ್ದು ಓಡಾಡುತ್ತಿದ್ದಾರೆ, ಅವಸರಕ್ಕೆ ಶಿವಮೊಗ್ಗಕ್ಕೆ ಓಡುವುದು ಕಡಿಮೆಯಾಗಿದೆ, ಇದನ್ನು ಕಾವ್ಯ ಯಾರೂ ಅಲ್ಲಗಳೆಯದಂತೆ ತೋರಿಸಿದಳು. ಎಲ್ಲವನ್ನೂ ಹೊಗಳಲೂ ಇಲ್ಲ. ನರಸಿಂಹರಾಜಪುರದ ಕಡೆ ಪಿಂಚಣಿಯ ಕೆಲಸ ಮುಗ್ಗರಿಸಿದೆ, ಅಲ್ಲಿ ಒಬ್ಬಳೇ ಕಾರ್ಯಕರ್ತೆಯ ಕೈಲಿ ಆಗುತ್ತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಕೇಳಿದ ದುಡ್ಡು ಕೊಡುವ ದೊಡ್ಡವರು ಯೋಜನೆಯನ್ನು ಮುಂದಿನ ಮೂರು ವರ್ಷಕ್ಕೆ ಮುಂದುವರಿಸುವುದಾಗಿ ಅಲ್ಲೇ ಹೇಳಿದರು, ಆ ಕಡೆಗೆ ಇನ್ನೊಬ್ಬಳನ್ನೂ ಕೊಡುತ್ತಾರಂತೆ. ದಿವ್ಯ ಅತ್ತಳು, ಪರಮೇಶ್ವರಪ್ಪ ಶಾಲು ಬೀಸಿದ. ಹಳೆಯ ಅಭ್ಯಾಸ ನೋಡು, ನನ್ನ ಬಾಯಿಂದ "ರೈಟ್, ರೈಟ್!" ಎಂದು ಬಂದೇಬಿಟ್ಟಿತು. ಒಂದು ಅಕ್ಷರವೂ ತೊದಲಲಿಲ್ಲ.

ದಿವ್ಯ ನಿನ್ನನ್ನು ತುಂಬಾ ಕೇಳಿದಳು. ಅಂಬಿಕಾಳಿಗೆ ಧೈರ್ಯ ಹೇಳು, ಅಳಿಯನಿಗೆ ನನ್ನ ನೆನಪು ತಿಳಿಸು, ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು.

ಎಂದೂ ನಿನ್ನವನೇ ಆದ
ನಾಗಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು, ದಿವ್ಯ ಬಾಗಿಲಲ್ಲಿ ನಿಂತಿದ್ದಾಳೆ. ಹದಿನೆಂಟನೇ ತಾರೀಕಿನ ಟಿಕೆಟನ್ನು ಈ ಕಾಗದ ಸಿಕ್ಕ ದಿನವೇ ಕ್ಯಾನ್ಸಲ್ ಮಾಡಿಸು. ದಿನಾ ಫೋನಿನಲ್ಲಿ ನಾನು ಆರಾಮ, ನೀನೇನೂ ಯೋಚನೆ ಮಾಡಬೇಡ ಎನ್ನುತ್ತೇನಲ್ಲ, ಅದು ಸುಳ್ಳು. ಕೈಕಾಲು ಚೆನ್ನಾಗಿದೆ, ಆದರೆ ನೀನಿಲ್ಲದ ಮನೆಯಲ್ಲಿ ನನಗೆ ಒಂದು ದಿನವೂ ಆರಾಮ ಅನ್ನಿಸಿಲ್ಲ. ನಿಜ ಹೇಳಿದ ಮೇಲೂ ಹೇಳುತ್ತಿದ್ದೇನೆ: ಕೂಸು ಮೈ ತುಂಬಿಕೊಳ್ಳುವವರೆಗೆ ಬರಬೇಡ.