ಪಂಡಿತರು ಮದ್ದು ಹಚ್ಚಿದ ಬೆನ್ನು

ಹೊನ್ನವಳ್ಳಿ, ಶನಿವಾರ

ಕೆಂಕೆರೆಯ ಕೆಂಪಯ್ಯ ಪಂಡಿತರಿಗೆ, ತೆಂಗಿನಮರ ಹತ್ತುತ್ತಿದ್ದ ಭೀಮರಾಜು ಬರೆಯುವುದು.

ನನ್ನ ಬೆನ್ನಿನ ಹುಣ್ಣಿಗೆ ನೀವು ಒಂಬತ್ತು ವರ್ಷ ಸೊಪ್ಪಿನ ಮದ್ದು ಹಚ್ಚಿದಿರಿ. ಕಾಳಿನಷ್ಟಿದ್ದದ್ದು ಊಟದ ತಟ್ಟೆಯಷ್ಟಾಯಿತು. ನನ್ನ ಹೆಂಡತಿ ರಾಧಾಮಣಿ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ, "ಕತ್ತಿ ಸೋಕಿದ್ರೆ ನಿನ್ನ ಗಂಡ ಉಳಿಯಾಕಿಲ್ಲ ಕಣಮ್ಮ" ಅಂದಿರಿ. ಅವಳು ನಂಬಿದಳು.

ಕೊನೆಗೂ ಆಸ್ಪತ್ರೆಗೆ ಹೋದೆ. ಅದು ಚರ್ಮದ ಕ್ಯಾನ್ಸರ್ ಅಂತೆ, ನಿಧಾನಕ್ಕೆ ಬೆಳೆಯುವ ಜಾತಿ. ಮೊದಲೇ ಬಂದಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು ಅಂದರು ಡಾಕ್ಟರು. ಈಗ ಅಷ್ಟಗಲವನ್ನೂ ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಹೊದಿಸಿದ್ದಾರೆ. ನಾನು ಉಳಿದಿದ್ದೇನೆ. ಆದರೆ ಎಡಗೈ ಮೇಲಕ್ಕೇಳುವುದಿಲ್ಲ, ಮರ ಹತ್ತುವುದು ಮುಗಿಯಿತು.

ಹಾಗಾಗಿ ಬಿಡುವಿದೆ. ಇನ್ನು ಪ್ರತಿ ಮಂಗಳವಾರ ನಿಮ್ಮ ಬಾಗಿಲಿಗೆ ರೋಗಿಗಳು ಸೇರುವ ಹೊತ್ತಿಗೆ ಬರುತ್ತೇನೆ. ಜಗಲಿಯಲ್ಲಿ ಒಂದು ಸ್ಟೂಲು ಹಾಕಿಸಿ. ಅಂಗಿ ಹಾಕಿಕೊಂಡು ಬರುವುದಿಲ್ಲ.

ಇಂತಿ,
ಭೀಮರಾಜು