ಎಮ್ಮೆ ಸಾಯುವ ಪುಸ್ತಕ

ರಾಯಚೂರು, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ, ೨೧೮೭

ನಮಗಿಂತ ನೂರೈವತ್ತು ವರ್ಷ ಹಿಂದೆ, ತರಗತಿಯ ಮೂಲೆಯಲ್ಲಿ ಪುಸ್ತಕದ ಕಪಾಟು ಇಡಲು ಹೊರಟಿರುವ ಶಿಕ್ಷಕರಿಗೆ,

ನಮ್ಮ ವರ್ಷಕ್ಕೆ ಈಗ ಎರಡು ಬೇಸಿಗೆ. ತಾರೀಖು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ಹೊಸವು. ನಾನು ಕಲಿತದ್ದು ಇಂಗ್ಲಿಷಿನಲ್ಲಿ. ನಿಮ್ಮ ಕಾಲದ ಕನ್ನಡ ನನಗೆ ಓದಿ ಬಂದದ್ದು, ಆಡಿ ಬಂದದ್ದಲ್ಲ.

ನಮ್ಮ ಶಾಲೆ ನೆಲದ ಕೆಳಗಿದೆ. ಮಕ್ಕಳು ಸೂರ್ಯ ಹುಟ್ಟುವ ಮೊದಲೇ ಮೆಟ್ಟಿಲಿಳಿದು ಬಂದು, ಒದ್ದೆ ಗೋಣಿಯ ಪರದೆಯ ಪಕ್ಕ ಚಪ್ಪಲಿ ಬಿಟ್ಟು, ತಂಪು ಗೋಡೆಯ ಕಡೆ ಜಾಗಕ್ಕಾಗಿ ತಳ್ಳಾಡುತ್ತಾರೆ. ಪ್ರತಿಯೊಬ್ಬರ ಬಳಿಯೂ ಒಂದು ಒಪ್ಪುಪುಸ್ತಕ ಇರುತ್ತದೆ. ಅದು ಓದುವವರನ್ನು ನೋಡಿ ತನ್ನನ್ನೇ ಬರೆದುಕೊಳ್ಳುವ ಪುಸ್ತಕ. ಕಥೆಯ ಹುಡುಗಿಗೆ ಓದುವವಳ ಬಣ್ಣ, ಅವಳ ಮನೆಮಾತು, ಅವಳ ಅಡುಗೆಮನೆ. ಓದುವವಳ ಮುಖ ಬಾಡಿದರೆ ಕಥೆ ಬೇರೆ ಕಡೆ ತಿರುಗಿಬಿಡುತ್ತದೆ. ಇದನ್ನು ತಂದವರು ಕೆಟ್ಟವರಲ್ಲ. ತಮ್ಮಂಥವರನ್ನು ಯಾವ ಪುಸ್ತಕದಲ್ಲೂ ಕಾಣದೆ ಬೆಳೆದ ಮಕ್ಕಳಿಗಾಗಿಯೇ ತಂದರು. ನನ್ನ ತರಗತಿಯ ಸೋಮ್ಲಿ ತನ್ನ ತಾಂಡಾದ ಮಾತನ್ನು ಮೊದಲು ಅಕ್ಷರದಲ್ಲಿ ಕಂಡದ್ದು ಅದರಲ್ಲೇ. ಅದನ್ನು ನಾನು ಹೇಗೆ ಬೈಯಲಿ? ಆದರೆ ಒಬ್ಬರ ಪುಸ್ತಕ ಇನ್ನೊಬ್ಬರ ಕೈಗೆ ಹೋದೊಡನೆ ಬೇರೆಯದೇ ಆಗುತ್ತದೆ. ಓದಿದ್ದರ ಬಗ್ಗೆ ಮಕ್ಕಳಿಗೆ ತಮ್ಮತಮ್ಮೊಳಗೆ ಹೇಳಿಕೊಳ್ಳಲು ಏನೂ ಇಲ್ಲ. ಪುಸ್ತಕ ಎರವಲು ಕೊಡುವುದೆಂದರೇನೆಂದು ನಾನೇ ವಿವರಿಸಬೇಕಾಯಿತು.

ಹಳೆಯ ಮನೆಗಳಿಂದ ನಿಂತ ಪುಸ್ತಕಗಳನ್ನು ಬೇಡಿ ತಂದು ಒಂದು ಕಪಾಟು ತುಂಬಿಸಿದೆ. ನಿಂತ ಪುಸ್ತಕ ಎಂದರೆ ನಿಮ್ಮ ಕಾಲದ್ದು, ಅಕ್ಷರ ಕದಲದ್ದು. ಮೀನುಗಾರರ ಹುಡುಗಿ, ಕಣ್ಣು ಕಾಣದ ಗಡಿಯಾರ ರಿಪೇರಿಯವನು, ಗೌಳಿ ಹುಡುಗ ಮತ್ತು ಅವನ ಎಮ್ಮೆ, ಇಂಥವರ ಕಥೆಗಳು. ಶಿಕ್ಷಣ ಮಂಡಳಿ ಒಂದು ಷರತ್ತಿನ ಮೇಲೆ ಒಪ್ಪಿತು: ಯಾವ ಮಗುವಾದರೂ ಓದಿ ಅತ್ತರೆ ಕಪಾಟು ಹೋಗಬೇಕು. ಷರತ್ತನ್ನು ಮಕ್ಕಳಿಗೆ ಹೇಳಲಿಲ್ಲ. ಅಳು ತಡೆದುಕೊಂಡು ಓದಿ ಎಂದು ಹೇಗೆ ಹೇಳುವುದು?

ಸೋಮ್ಲಿ ಎಮ್ಮೆಯ ಪುಸ್ತಕ ತಿರುವಿ ಹಾಕಿ ಕೇಳಿದಳು: “ಇದರಾಗ ನಾ ಎಲ್ಲಿ ಅದೀನ್ರಿ ಟೀಚರ್?”

“ನೀ ಇಲ್ಲವ್ವ.”

“ಮತ್ತ ನಾ ಯಾಕ ಓದ್ಲಿ?”

“ಸುಮ್ನ ಒಯ್ದು ನೋಡವ್ವ,” ಎಂದೆ. ಒಯ್ದಳು, ಬಹುಶಃ ನನ್ನ ಮೇಲಿನ ಕನಿಕರಕ್ಕೆ. ಎಮ್ಮೆ ಸಾಯುವ ಪುಟಕ್ಕೆ ಬಂದು, ಕಥೆ ಬದಲಾಗಲೆಂದು ಪುಸ್ತಕದ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕುಳಿತಳು. ಅದು ಬದಲಾಗಲಿಲ್ಲ. ಆಗ ಅತ್ತಳು.

ಪಕ್ಕದಲ್ಲಿದ್ದ ಮೌನೇಶ ನಕ್ಕ. “ನಿಂದು ಕೆಟ್ಟೈತಿ, ಕೊಡ ಇಲ್ಲಿ. ನನಗಾದ್ರ ಎಮ್ಮಿ ಸಾಯಂಗಿಲ್ಲ ನೋಡು.” ಮರುದಿನ ಪುಸ್ತಕ ತಂದು ಅವಳ ಮುಂದಿಟ್ಟ. “ನನಗೂ ಸತ್ತೈತಿ,” ಎಂದ. ಆ ದಿನ ಇಬ್ಬರೂ ತಂಪು ಗೋಡೆ ಬಿಟ್ಟು, ಯಾರೂ ಕೂರದ ಬಿಸಿ ಮೆಟ್ಟಿಲ ಹತ್ತಿರ ಒಟ್ಟಿಗೆ ಕೂತರು.

ಮಂಡಳಿಯ ಅಧಿಕಾರಿ ಬಂದು, ಓದುವಾಗ ಯಾರಿಗಾದರೂ ಅಳು ಬಂತೇ ಎಂದು ಮಕ್ಕಳನ್ನು ಕೇಳಿದರು. ಸೋಮ್ಲಿಯೇ ಕೈಯೆತ್ತಿದಳು.

“ಹೌದ್ರಿ ಬಾಯಾರ, ಇಬ್ಬರೂ ಅತ್ತೀವಿ. ಇಂಥಾದು ಇನ್ನೊಂದು ಐತೇನ್ರಿ?”

ಅಧಿಕಾರಿ ಸಭ್ಯ ಹೆಂಗಸು, ಯಾರನ್ನೂ ಬೈಯಲಿಲ್ಲ. ಕಪಾಟು ಸಂಜೆಗೆ ಹೋಯಿತು. ಗೋಡೆಯಲ್ಲಿ ಅದರ ಆಕಾರದ ತೇವ ಉಳಿದಿದೆ. ನನಗೆ ದುಃಖವಾಗಬೇಕಿತ್ತು, ಆಗಿಲ್ಲ. ಹಾಜರಿ ಕರೆಯುತ್ತೇನೆ, ನೀರು ಹಂಚುತ್ತೇನೆ. ನಾನೂ ಒಪ್ಪುಪುಸ್ತಕ ಓದಿಯೇ ಬೆಳೆದವಳು. ಈ ಜಡತನ ಅಲ್ಲಿಂದ ಬಂತೋ ವಯಸ್ಸಿನಿಂದ ಬಂತೋ ತಿಳಿಯದು. ಷರತ್ತನ್ನು ಮುಚ್ಚಿಟ್ಟೆನೆಂದು ಸೋಮ್ಲಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಎಮ್ಮೆ ಸತ್ತ ಮೇಲೆ ಆ ಹುಡುಗ ಏನು ಮಾಡಿರಬಹುದೆಂದು ಅವಳೂ ಮೌನೇಶನೂ ದಿನಾ ಜಗಳವಾಡುತ್ತಾರೆ.

ನಿಮ್ಮಲ್ಲಿ ಕೇಳುವುದಿಷ್ಟು. ನಿಮ್ಮ ಕಪಾಟಿನಲ್ಲಿ ಸೋಮ್ಲಿಯಂಥವರ ಕಥೆ ಇಡಿ, ಖಂಡಿತ ಇಡಿ. ಆದರೆ ಮೌನೇಶನಂಥವರ ಕೈಗೆಟಕುವ ಹಲಗೆಯ ಮೇಲೆ ಇಡಿ. ಓದುತ್ತಾ ಮಗು ಅತ್ತರೆ ಪುಸ್ತಕ ಕಸಿದುಕೊಳ್ಳಬೇಡಿ. ಅದನ್ನೇ ಓದಿದ ಇನ್ನೊಂದು ಮಗುವನ್ನು ಹುಡುಕಿ, ಪಕ್ಕದಲ್ಲಿ ಕೂರಿಸಿ.

ಅರುಂಧತಿ ಮಸ್ಕಿ
ಐದನೆಯ ತರಗತಿಯ ಶಿಕ್ಷಕಿ